ಪಟ್ಟಿಯ ಮೊದಲ ಹೆಸರು

ಉಮ್ ಅಲ್ ಹಸ್ಸಮ್, ಬಹ್ರೈನ್
9 ಮೇ 2025

ಪ್ರೀತಿಯ ಸುರಕ್ಷಾ,

ಕಳೆದ ವರ್ಷ ಜುಲೈ 14ರಂದು ಮಲೇಷ್ಯಾದ ಮೆರಿಡೇಲ್ ವೈದ್ಯಕೀಯ ಶಾಲೆಯವರು ನಿನಗೊಂದು ಅನ್ಯಾಯ ಮಾಡಿದರು. ಆ ದಿನಾಂಕವನ್ನು ನೀನು ಮರೆತಿರಬಹುದು. ನಾನು ಮರೆತಿಲ್ಲ. ಕಾಯುವ ಪಟ್ಟಿಯಲ್ಲಿ ನಿನ್ನ ಹೆಸರೇ ಮೊದಲನೆಯದು ಎಂದು ಅವರು ಬರೆದರು. ಸೀಟು ಕೊಟ್ಟರೆ ಬಂದೇ ಬರುತ್ತೇನೆ, ಬೇರೆಲ್ಲಿಯೂ ಸೀಟು ಇಟ್ಟುಕೊಂಡಿಲ್ಲ ಎಂದು ಸಹಿ ಹಾಕಿ ಕೊಡಲು ಹೇಳಿದರು. ಅವರ ಭಾಷೆಯಲ್ಲಿ ಅದು ಲೆಟರ್ ಆಫ್ ಇಂಟೆಂಟ್. ನಮ್ಮಲ್ಲಿ ಮಾತು ಕೊಡುವುದು ಎನ್ನುತ್ತಾರೆ. ನೀನು ಮಾತು ಕೊಟ್ಟೆ. ಅದಕ್ಕಾಗಿ ಕೈಯಲ್ಲಿದ್ದ ಜಾರ್ಜಿಯಾದ ಸೀಟನ್ನು ಬಿಟ್ಟೆ. ಆಮೇಲೆ ಅವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಸೆಪ್ಟೆಂಬರಿನಲ್ಲಿ ತರಗತಿ ಶುರುವಾಯಿತು ಎಂಬುದನ್ನು ನಾವು ಅವರ ಜಾಲತಾಣದ ಫೋಟೋಗಳಲ್ಲಿ ನೋಡಿ ತಿಳಿದುಕೊಂಡೆವು. ಬಿಳಿ ಕೋಟು ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತ ಮಕ್ಕಳ ಫೋಟೋ.

ಈಗ ಅದೇ ಶಾಲೆ, ಅದೇ ಕಾಯುವ ಪಟ್ಟಿ, ಅದೇ ವಾಕ್ಯ. ಜೂನ್ 20ರ ಒಳಗೆ ಪತ್ರ ಬೇಕಂತೆ. ನೀನು ಕಳಿಸಿದ ಇ-ಮೇಲನ್ನು ಪ್ರಿಂಟ್ ತೆಗೆದು, ಹಳೆಯದರ ಪಕ್ಕದಲ್ಲಿಟ್ಟು ಓದಿದೆ. ದಿನಾಂಕ ಬಿಟ್ಟರೆ ಒಂದಕ್ಷರ ವ್ಯತ್ಯಾಸವಿಲ್ಲ. ಕಳೆದ ವರ್ಷ ಏನಾಯಿತು ಎಂದು ಅವರು ಮೊದಲು ಹೇಳಲಿ. ಅಲ್ಲಿಯವರೆಗೆ ನೀನು ಏನನ್ನೂ ಬರೆದು ಕೊಡಬಾರದು. ಇದು ನನ್ನ ಅಭಿಪ್ರಾಯ.

ಫೋನಿನಲ್ಲಿ ಈ ವಿಷಯ ಎತ್ತಿದರೆ ನಾವಿಬ್ಬರೂ ಜಗಳವಾಡುತ್ತೇವೆ ಎಂದು ಅಮ್ಮ ಹೊಸ ಕಾನೂನು ಮಾಡಿದ್ದಾಳೆ. "ಎಂತ ಹೇಳುದಿದ್ರೂ ಬರ್ದು ಹೇಳಿ. ಬರೆಯುವಾಗ ಬೊಬ್ಬೆ ಹಾಕ್ಲಿಕ್ಕೆ ಆಗುದಿಲ್ಲ" ಎಂದಳು. ನಾನು ಬರೆಯುವುದು, ಅವಳು ಫೋಟೋ ತೆಗೆದು ಕಳಿಸುವುದು. ಎರಡನೇ ಪುಟದಲ್ಲಿ ಅವಳ ಹೆಬ್ಬೆರಳು ಬಂದಿದ್ದರೆ ಸಹಿಸಿಕೋ.

ಅಂದ ಹಾಗೆ, ನಿನ್ನ ಕೋಣೆಯಲ್ಲೇ ಇರುವ ಅನಿಶಾಳ ಹತ್ತಿರವೂ ಬಾಯಿ ಬಿಡಬೇಡ ಎಂದು ಅಮ್ಮ ನೆನಪಿಸಿದ್ದಾಳೆ. ಸೀಟು ಕೈಗೆ ಬರುವ ಮೊದಲು ಹೇಳಿದರೆ ದೃಷ್ಟಿ ತಾಗುತ್ತದಂತೆ. ಆಫೀಸಿಗೆ ಹೋಗುವಾಗ ಕಾರಿನಲ್ಲಿ ಅವಳ ಅಪ್ಪ ಓಸ್ವಾಲ್ಡ್ ಕೇಳಿದ, "ಮಗಳದ್ದು ಮುಂದೆ ಎಂತ ಮಾರಾಯ?" "ಬಿ.ಎಸ್ಸಿ. ಮಾಡ್ತಾ ಉಂಟಲ್ಲ, ಸಾಕು" ಎಂದೆ. ಅವನೂ "ಸಾಕು ಸಾಕು, ನಮ್ಮವಳಿಗೂ ಫಿಸಿಯೋಥೆರಪಿ ಸಾಕು" ಎಂದ.

ನಿನ್ನ
ಅಪ್ಪ

*

ಬಿಜೈ, ಮಂಗಳೂರು
15 ಮೇ 2025

ಪ್ರೀತಿಯ ಅಪ್ಪ,

ಅಮ್ಮನ ಹೆಬ್ಬೆರಳು ಎರಡನೇ ಪುಟದಲ್ಲಿ ಅಲ್ಲ, ಮೊದಲನೇ ಪುಟದಲ್ಲೇ ಬಂದಿದೆ. "ಅನ್ಯಾಯ" ಎಂಬ ಪದದ ಮೇಲೆ. ಆದರೂ ಓದಲು ಬಂತು. ನಿಮ್ಮ ಪತ್ರದಲ್ಲಿ ಆ ಪದ ಎಲ್ಲಿರುತ್ತದೆ ಎಂದು ನನಗೆ ಗೊತ್ತು.

ನನ್ನ ಕನ್ನಡದಲ್ಲಿ ತಪ್ಪಿದ್ದರೆ ಕೆಂಪು ಪೆನ್ನು ತೆಗೆಯಬೇಡಿ. ಬಹ್ರೈನಿನ ಕನ್ನಡ ಸಂಘದ ಶುಕ್ರವಾರದ ಕ್ಲಾಸಿನಲ್ಲಿ ಕಲಿತದ್ದು ಇಷ್ಟೇ.

ಜುಲೈ 14 ನನಗೂ ನೆನಪಿದೆ ಅಪ್ಪ. ಆ ಪತ್ರವನ್ನು ಎಷ್ಟು ಸಲ ತಿದ್ದಿದೆವು! ನಾನು "ಬರಲು ಬಯಸುತ್ತೇನೆ" ಎಂದು ಬರೆದಿದ್ದೆ. ನೀವು ಅದನ್ನು ಹೊಡೆದು ಹಾಕಿ "ನಿಶ್ಚಯವಾಗಿ ಬರುತ್ತೇನೆ" ಎಂದು ಮಾಡಿದಿರಿ. ಮಾತು ಕೊಡುವುದಾದರೆ ಪೂರ್ತಿ ಕೊಡಬೇಕು ಎಂದಿರಿ. ಕಳಿಸಿದ ಮೇಲೆ ನೀವು ಕೆಳಗಿನ ಕೋಲ್ಡ್ ಸ್ಟೋರಿಗೆ ಹೋಗಿ ಐಸ್‌ಕ್ರೀಮ್ ತಂದಿರಿ. ಯಾಕೆಂದು ಅಂಗಡಿಯವನು ಕೇಳಿದ್ದಕ್ಕೆ "ಸೆಕೆ" ಎಂದಿರಂತೆ.

ಈ ಸಲ ಏನು ಮಾಡಬೇಕೆಂದು ಗೊತ್ತಾಗುತ್ತಿಲ್ಲ. ಡಾಕ್ಟರಾಗುವ ಆಸೆ ಹೋಗಿಲ್ಲ. ಲ್ಯಾಬಿನಲ್ಲಿ ಸ್ಲೈಡ್ ನೋಡುವಾಗ, ಈ ರಕ್ತದ ಮನುಷ್ಯನನ್ನು ನಾನು ಯಾವತ್ತೂ ನೋಡುವುದಿಲ್ಲವಲ್ಲ ಎನಿಸುತ್ತದೆ. ನೀಟ್ ಅಂಕದಲ್ಲಿ ಇಲ್ಲಿಯ ಸರಕಾರಿ ಸೀಟು ಸಿಗುವುದಿಲ್ಲ. ಮತ್ತೆ ಮೆರಿಡೇಲ್ ಬಿಟ್ಟರೆ ಈ ವರ್ಷ ಬೇರೆ ಬಾಗಿಲಿಲ್ಲ. ಇನ್ನೊಂದು ವರ್ಷ ಕಾಯುವ ತ್ರಾಣ ನನಗಿಲ್ಲ. ಇದನ್ನು ಅಮ್ಮನಿಗೆ ಓದಿ ಹೇಳಬೇಡಿ.

ಅನಿಶಾ ಚೆನ್ನಾಗಿದ್ದಾಳೆ. ಈಗೀಗ ಲ್ಯಾಪ್‌ಟಾಪನ್ನು ಗೋಡೆ ಕಡೆಗೆ ತಿರುಗಿಸಿಕೊಂಡು ಓದುತ್ತಾಳೆ. ಓಸ್ವಾಲ್ಡ್ ಅಂಕಲ್ ಹೇಗಿದ್ದಾರೆ? ಸುಮ್ಮನೆ ಕೇಳಿದೆ.

ಸುರಕ್ಷಾ

*

ಉಮ್ ಅಲ್ ಹಸ್ಸಮ್
24 ಮೇ 2025

ಪ್ರೀತಿಯ ಸುರಕ್ಷಾ,

ಓಸ್ವಾಲ್ಡ್ ಚೆನ್ನಾಗಿದ್ದಾನೆ. ಕಾರಿನ ಎ.ಸಿ. ಮಾತ್ರ ಚೆನ್ನಾಗಿಲ್ಲ. ಇಬ್ಬರೂ ಆಫೀಸಿಗೆ ಬೆವೆತುಕೊಂಡೇ ಹೋಗುತ್ತೇವೆ, ಹೆಚ್ಚು ಮಾತಿಲ್ಲ.

ಗುರುವಾರ ನಾನು ಮೆರಿಡೇಲಿನ ಇಲ್ಲಿನ ಪ್ರತಿನಿಧಿಯನ್ನು ಹುಡುಕಿಕೊಂಡು ಹೋದೆ. ನಿನ್ನ ಸಂದರ್ಶನ ಮಾಡಿದ್ದು ಡಿಪ್ಲೊಮ್ಯಾಟಿಕ್ ಏರಿಯಾದ ಹೋಟೆಲಿನಲ್ಲಿ ಅಲ್ಲವೇ, ಆಳೆತ್ತರದ ಹೂದಾನಿ ಇಟ್ಟಿದ್ದರು. ಅವರ ಕಚೇರಿ ಇರುವುದು ಸೆಗಯಾದಲ್ಲಿ, ಒಂದು ದರ್ಜಿ ಅಂಗಡಿಯ ಮೇಲೆ. ನವನೀತ್ ಎಂಬ ಬೆಂಗಳೂರಿನ ಹುಡುಗ. ಕನ್ನಡದವರು ಎಂದು ಗೊತ್ತಾದ ಕೂಡಲೇ ಚಹಾ ತರಿಸಿದ.

"ಸಾರ್, ಟೆನ್ಶನ್ ತಗೋಬೇಡಿ. ನಿಮ್ ಮಗಳದು ಟಾಪ್ ಪ್ರೊಫೈಲ್."

"ಕಳೆದ ವರ್ಷ ಯಾಕೆ ಉತ್ತರ ಕೊಡಲಿಲ್ಲ?"

"ಲಾಸ್ಟ್ ಇಯರ್ ನಾನಿರ್ಲಿಲ್ಲ ಸಾರ್."

"ಶಾಲೆ ಇತ್ತಲ್ಲ?"

ಅವನು ನಕ್ಕ. ನಗು ಕೆಟ್ಟದ್ದಲ್ಲ, ಸಂಬಳದ ನಗು. "ಸಾರ್, ಪ್ರಾಮಿಸ್ ಮಾಡಕ್ಕಾಗಲ್ಲ. ಆದ್ರೆ ಲೆಟರ್ ಕೊಡ್ದಿದ್ರೆ ಸೀಟಿಲ್ಲ, ಅದಂತೂ ಗ್ಯಾರಂಟಿ. ಇನ್ನೊಂದ್ ವಿಷ್ಯ, ಕನ್ಫರ್ಮ್ ಆಗೋವರ್ಗೂ ಯಾರತ್ರನೂ ಹೇಳ್ಬೇಡಿ. ಸುಮ್ನೆ ಕಾಂಪಿಟಿಶನ್ ಜಾಸ್ತಿಯಾಗುತ್ತೆ."

ನಾನು ತಲೆಯಾಡಿಸಿದೆ. ಅಮ್ಮನೂ ಅದನ್ನೇ ಹೇಳುವವಳಲ್ಲವೇ, ವಿಚಿತ್ರವೇನೂ ಅನಿಸಲಿಲ್ಲ.

ಮೆಟ್ಟಿಲಿಳಿಯುತ್ತ ಯೋಚಿಸಿದೆ. ಈ ದ್ವೀಪಕ್ಕೆ ಬಂದಾಗಿನಿಂದ ನಾನು ಎಷ್ಟು ಕಚೇರಿಗಳಿಗೆ ದೂರು ಬರೆದಿದ್ದೇನೆ! ಸಂಘದವರು ನನ್ನನ್ನು ಹಿಂದಿನಿಂದ "ಅರ್ಜಿ ಸರ್ವೋತ್ತಮ" ಎನ್ನುತ್ತಾರೆ, ನನಗೆ ಗೊತ್ತಿದೆ. ಅನ್ಯಾಯ ಆದವನು ನಾನಾಗಿದ್ದರೆ ಇನ್ನೂ ಹತ್ತು ಬರೆಯುತ್ತಿದ್ದೆ. ಆದರೆ ಇಲ್ಲಿ ಕಳೆದುಹೋಗುವುದು ನಿನ್ನ ವರ್ಷ. ನನ್ನ ಹಟಕ್ಕೆ ನೀನು ಬಾಡಿಗೆ ಕಟ್ಟುವುದು ಸರಿಯಲ್ಲ. ಕಾಯುವ ತ್ರಾಣವಿಲ್ಲ ಎಂದು ನೀನು ಬರೆದದ್ದು ನನ್ನ ತಲೆಯಿಂದ ಹೋಗುತ್ತಿಲ್ಲ.

ಬರೆದುಬಿಡು. ಈ ಸಲ ನಾನು ತಿದ್ದುವುದಿಲ್ಲ. ಕಳಿಸಿದ ಮೇಲೆ ಒಂದು ಮಾತು ತಿಳಿಸು.

ಅಪ್ಪ

*

ಬಿಜೈ, ಮಂಗಳೂರು
2 ಜೂನ್ 2025

ಅಪ್ಪ,

ಬರೆದಿದ್ದೇನೆ. ಕಳಿಸಿಲ್ಲ. ಯಾಕೆಂದು ಸದ್ಯಕ್ಕೆ ಕೇಳಬೇಡಿ.

ಪರೀಕ್ಷೆ ನಡೆಯುತ್ತಿದೆ. ಅನಿಶಾ ದಿನಾ ಸಂಜೆ ಇಗರ್ಜಿಗೆ ಹೋಗುತ್ತಾಳೆ, ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಅಂತೆ. ಯಾವುದಕ್ಕೆ ಎಂದರೆ "ಸುಮ್ನೆ" ಎನ್ನುತ್ತಾಳೆ. ನಾವಿಬ್ಬರೂ ಈಗ ತುಂಬಾ ಸುಮ್ಮನಿದ್ದೇವೆ.

ಸುರಕ್ಷಾ

*

ಉಮ್ ಅಲ್ ಹಸ್ಸಮ್
8 ಜೂನ್ 2025

ಸುರಕ್ಷಾ,

ಕೇಳಬೇಡಿ ಎಂದು ನೀನಂದೆ, ನಾನು ಕೇಳದೆ ಆರು ದಿನ ಕೂತೆ. ಇನ್ನು ಆಗುವುದಿಲ್ಲ.

ನೀನು ಹೆದರಿದ್ದೀ. ಒಂದು ಸಲ ಕೈ ಸುಟ್ಟವಳಿಗೆ ಹೆದರಿಕೆ ಸಹಜ. ಆದರೆ ಒಲೆಯ ಹತ್ತಿರವೇ ಹೋಗುವುದಿಲ್ಲ ಎಂದರೆ ಊಟ ಹೇಗೆ? ಬೇಡ ಎಂದವನು ನಾನು. ನಾನೇ ಸೋತು ಬರೆ ಎಂದ ಮೇಲೂ ನೀನು ಪತ್ರವನ್ನು ಕಟ್ಟಿಟ್ಟುಕೊಂಡು ಕೂತರೆ ಏನರ್ಥ? ಅಮ್ಮ ಅನ್ನ ಬಡಿಸಿಟ್ಟು ಗೋಡೆ ನೋಡುತ್ತಾಳೆ. ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡುತ್ತಿದ್ದರೆ ಹಾಗೆಂದು ಬರೆ. ಮನಸ್ಸೇ ಬದಲಾಗಿದ್ದರೆ ಅದನ್ನಾದರೂ ಬರೆ. ಕೊನೆಗೆ ನೀನೂ ಮೆರಿಡೇಲಿನವರ ಹಾಗೆ ಹೌದೂ ಅನ್ನುವುದಿಲ್ಲ, ಇಲ್ಲವೂ ಅನ್ನುವುದಿಲ್ಲ ಎಂದಾಯಿತಲ್ಲ.

ಅಪ್ಪ

*

ಉಮ್ ಅಲ್ ಹಸ್ಸಮ್
14 ಜೂನ್ 2025

ಮಗಳೇ,

ನಿನ್ನಿಂದ ಉತ್ತರ ಬಂದಿಲ್ಲ. ಬರುವುದನ್ನು ಕಾಯದೆ ಬರೆಯುತ್ತಿದ್ದೇನೆ. ಹಿಂದಿನ ಪತ್ರದ ಕೊನೆಯ ಸಾಲನ್ನು ಹೊಡೆದು ಹಾಕು.

ಮೊನ್ನೆ ಸಂಜೆ ಆಫೀಸಿನಿಂದ ಬರುವಾಗ ಸಿಗ್ನಲಿನಲ್ಲಿ ನಿಂತಿದ್ದೆವು. ಓಸ್ವಾಲ್ಡ್ ಸ್ಟೇರಿಂಗಿನ ಮೇಲೆ ಬೆರಳು ಬಡಿಯುತ್ತಿದ್ದ. ಅವನ ಹೊಟ್ಟೆಯೊಳಗೆ ಮಾತು ನಿಲ್ಲದಾಗ ಹಾಗೆ ಮಾಡುತ್ತಾನೆ.

"ಸರ್ವೋತ್ತಮ, ಒಂದು ವಿಷಯ ಹೇಳ್ತೇನೆ. ಎವ್ಲಿನ್‌ಗೆ ಗೊತ್ತಾಗ್ಬಾರ್ದು ಮಾರಾಯ, ಅವಳು ನನ್ನನ್ನು ಮನೆಯಿಂದ ಓಡಿಸ್ತಾಳೆ."

"ಎಂತ? ಕಾರು ಮಾರಿದ್ಯಾ?"

"ಈ ಡಬ್ಬವನ್ನು ಯಾರು ತೆಗೊಳ್ತಾರೆ! ಅನಿಶಾಂದು. ಸೀಟು ಆದ ಹಾಗೆಯೇ. ಡಾಕ್ಟರಿಕೆ. ವೈಟಿಂಗ್ ಲಿಸ್ಟಲ್ಲಿ ಅವಳೇ ಫಸ್ಟ್ ಅಂತೆ."

"ಎಲ್ಲಿ?"

"ಮಲೇಷ್ಯಾ. ಮೆರಿಡೇಲ್."

ನಾನು ನಂಬಲಿಲ್ಲ ಎಂದುಕೊಂಡು ಅವನು ಫೋನು ತೆಗೆದು ತೋರಿಸಿದ. ಅದೇ ವಾಕ್ಯ, ಅದೇ ಸಹಿ. ಹೆಸರು ಮಾತ್ರ ಅನಿಶಾಳದ್ದು.

"ಕಳೆದ ವರ್ಷ?" ಎಂದು ಕೇಳಿದೆ.

"ಕಳೆದ ವರ್ಷವೂ ಫಸ್ಟೇ ಮಾರಾಯ. ಲಕ್ ಇರ್ಲಿಲ್ಲ. ಕೈಯಲ್ಲಿದ್ದ ಒಂದನ್ನು ಬಿಟ್ಟೂ ಕೊಟ್ಟಿದ್ದೆವು."

ಆಗ ನಾನು ನಿನ್ನ ವಿಷಯ ಹೇಳಿದೆ. ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆಯಲು ಶುರುಮಾಡಿದರು. ಓಸ್ವಾಲ್ಡ್ ಕಾರು ತೆಗೆಯಲಿಲ್ಲ. ನನ್ನ ಕಡೆ ತಿರುಗಿ, ಮಗುವಿನ ಹಾಗೆ ಕೇಳಿದ, "ಹಾಗಾದ್ರೆ ಫಸ್ಟ್ ಯಾರು?"

ಇಷ್ಟು ವರ್ಷಗಳಿಂದ ಒಂದೇ ಕಾರಿನಲ್ಲಿ ಹೋಗಿಬರುವವರು ನಾವು. ಮೇಲೆ ಕೆಳಗೆ ಮನೆ. ಅವರ ಮನೆಯ ಕ್ರಿಸ್‌ಮಸ್ ಕುಸ್ವಾರ್ ತಿಂಡಿ ಮೊದಲು ನಮ್ಮ ಬಾಗಿಲಿಗೆ ಬರುತ್ತದೆ, ನಮ್ಮ ಚೌತಿಯ ಕಡುಬು ಅವರಲ್ಲಿಗೆ ಹೋಗುತ್ತದೆ. ಒಂದು ವರ್ಷ ಪೂರ್ತಿ ಇಬ್ಬರೂ ಒಬ್ಬರಿಗೊಬ್ಬರು ಬಿ.ಎಸ್ಸಿ. ಸಾಕು, ಫಿಸಿಯೋಥೆರಪಿ ಸಾಕು ಎಂದು ಸುಳ್ಳು ಹೇಳಿಕೊಂಡು ಬೆವರಿದೆವು. ದೃಷ್ಟಿ ತಾಗೀತೆಂದು. ಕಳೆದ ಜುಲೈಯಲ್ಲಿ ಬಾಯಿ ಬಿಟ್ಟಿದ್ದರೆ ಆ ಎರಡು ಸೀಟುಗಳಾದರೂ ಉಳಿಯುತ್ತಿದ್ದವು.

1991ರಲ್ಲಿ ಮುಂಬಯಿಯ ಲಾಡ್ಜೊಂದರಲ್ಲಿ ವೀಸಾಕ್ಕೆ ಕಾಯುತ್ತ ನಾವು ಊರಿನ ಹುಡುಗರು ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆವು. ಏಜೆಂಟ್ ಪ್ರತಿಯೊಬ್ಬನನ್ನೂ ಬೇರೆ ಬೇರೆ ಕರೆದು, ನಿನ್ನದೇ ಮೊದಲು ಬರುವುದು, ಉಳಿದವರಿಗೆ ಹೇಳಬೇಡ ಎನ್ನುತ್ತಿದ್ದ. ನಾವು ಹೇಳಲಿಲ್ಲ. ಪಕ್ಕದ ಚಾಪೆಯವನನ್ನು ನೋಡಿ ಒಳಗೊಳಗೇ ಪಾಪ ಎಂದುಕೊಂಡು ನಿದ್ದೆ ಹೋಗುತ್ತಿದ್ದೆವು. ಅವನೂ ನನ್ನನ್ನು ನೋಡಿ ಹಾಗೆಯೇ ಅಂದುಕೊಳ್ಳುತ್ತಿದ್ದ. ಆ ಏಜೆಂಟ್ ಹೊಸದೇನನ್ನೂ ಕಂಡುಹಿಡಿದವನಲ್ಲ. ನಮ್ಮ ಅಭ್ಯಾಸ ಅವನಿಗೆ ಗೊತ್ತಿತ್ತು, ಅಷ್ಟೇ. ನವನೀತನಿಗೂ ಗೊತ್ತಿದೆ.

ಒಂದು ಕೇಳುತ್ತೇನೆ. ಓಸ್ವಾಲ್ಡ್ ಅಂಕಲ್ ಹೇಗಿದ್ದಾರೆ ಎಂದು ನೀನು ಮೇ ತಿಂಗಳಲ್ಲಿ ಯಾಕೆ ಕೇಳಿದೆ? ನಿನಗೆ ಗೊತ್ತಿತ್ತೇ?

ಅಪ್ಪ

*

ಬಿಜೈ, ಮಂಗಳೂರು
16 ಜೂನ್ 2025

ಪ್ರೀತಿಯ ಅಪ್ಪ,

ಗೊತ್ತಿತ್ತು. ಮೇ 14ಕ್ಕೆ ಪ್ರಿಂಟ್ ತೆಗೆಯಲು ಅನಿಶಾಳ ಲ್ಯಾಪ್‌ಟಾಪ್ ಕೇಳಿದೆ. ಅವಳು ತೆರೆದಿದ್ದ ಪುಟವನ್ನು ಮುಚ್ಚಲು ಮರೆತಿದ್ದಳು. ನನ್ನದೇ ಇ-ಮೇಲ್ ಎಂದುಕೊಂಡು ಪೂರ್ತಿ ಓದಿದೆ. ಮೇಲೆ ಹೆಸರು ನೋಡಿದ್ದು ಕೊನೆಗೆ.

ನಿಮಗೆ ಹೇಳಲಿಲ್ಲ. ಹೇಳಿದರೆ ನೀವು ಅದೇ ದಿನ ಕೆಳಗಿಳಿದು ಹೋಗಿ ಅಂಕಲ್ ಮನೆಯ ಬಾಗಿಲು ಬಡಿಯುತ್ತೀರಿ, ಅಮ್ಮ ಎವ್ಲಿನ್ ಆಂಟಿಯ ಹತ್ತಿರ ಮಾತು ಬಿಡುತ್ತಾರೆ ಎಂದು ಹೆದರಿದೆ. ನಿಮಗೆ ಮೊದಲೇ ಗೊತ್ತಿದ್ದು ಮುಚ್ಚಿಡುತ್ತಿದ್ದೀರಿ ಎಂದೂ ಒಮ್ಮೆ ಅನುಮಾನಪಟ್ಟೆ. ತಪ್ಪಾಯಿತು.

ಆಮೇಲೆ ಪತ್ರ ಬರೆದೆ. ಕಳಿಸಲು ಕೈ ಹೋಗಲಿಲ್ಲ. ನಾನು ಕಳಿಸದಿದ್ದರೆ ಅವಳು ಪಟ್ಟಿಯಲ್ಲಿ ಮೇಲೆ ಹೋಗುತ್ತಾಳೆ, ಕಳಿಸಿದರೆ ನಾನು ಹೋಗುತ್ತೇನೆ, ಬೆಳಿಗ್ಗೆ ಎದ್ದು ಪಕ್ಕದ ಮಂಚದಲ್ಲಿ ಅವಳ ಮುಖ ನೋಡಬೇಕು. ಇದು ಹೆದರಿಕೆಯೋ ಏನೋ ನನಗೆ ಗೊತ್ತಿಲ್ಲ. ಒಲೆಯ ಮಾತು ನೀವು ಬರೆದಾಗ ಅತ್ತೆ.

ನಿಮ್ಮ ಪತ್ರ ಬಂದ ಮೇಲೆ ನಿನ್ನೆ ತಿಂಡಿಯ ಹೊತ್ತಿಗೆ ಕೇಳಿಯೇ ಬಿಟ್ಟೆ.

"ಮೆರಿಡೇಲಿಗೆ ಕಳ್ಸಿದ್ಯಾ?"

ಅವಳ ಕೈಯಲ್ಲಿ ಗೋಳಿಬಜೆ ಇತ್ತು. ಅದನ್ನು ತಟ್ಟೆಗೆ ಹಾಕಿದಳು. "ಮೇ 28ಕ್ಕೆ. ನೀನು?"

"ಇಲ್ಲ."

"ಯಾಕೆ? ನಂಗೆ ಬಿಟ್ಟುಕೊಡ್ತಾ ಇದ್ದೀಯಾ? ಬೇಡ ಮಾರಾಯ್ತಿ. ನಿನ್ನ ಚಾರಿಟಿ ತೆಗೊಂಡು ನಾನು ಡಾಕ್ಟರ್ ಆಗುದಾ?"

"ಹಾಗಾದ್ರೆ ನಿಂಗೆ ನಂದು ಗೊತ್ತಿತ್ತು."

"ನಿಂಗೆ ನಂದು ಗೊತ್ತಿತ್ತು ಅಂತ ನಂಗೆ ಗೊತ್ತಿತ್ತು. ಪ್ರಿಂಟ್ ತೆಗೀಲಿಕ್ಕೆ ಹೋದವಳು ಪ್ರಿಂಟೇ ತೆಗೀದೆ ಬಂದ್ರೆ ಯಾರಿಗಾದ್ರೂ ಗೊತ್ತಾಗ್ತದೆ."

ಇಬ್ಬರೂ ನಕ್ಕೆವು, ಆಮೇಲೆ ಅವಳು ಅತ್ತಳು. ಕಳೆದ ವರ್ಷ ಅವಳೂ ನಮ್ಮ ಹಾಗೆಯೇ ಸೆಪ್ಟೆಂಬರಿನಲ್ಲಿ ಆ ಬಿಳಿ ಕೋಟಿನ ಫೋಟೋ ನೋಡಿದ್ದಳಂತೆ.

ಅಪ್ಪ, ಅವಳಿಗೆ ಬಿಟ್ಟುಕೊಡುವುದು, ಅವಳನ್ನು ದಾಟಿ ಹೋಗುವುದು, ಎರಡೂ ಆ ಪಟ್ಟಿ ನಿಜವಾಗಿದ್ದರೆ ಮಾತ್ರ. ಎಲ್ಲರೂ ಮೊದಲನೆಯವರಾದ ಮೇಲೆ ಪಟ್ಟಿ ಎಲ್ಲಿದೆ? ಇಲ್ಲದ ಪಟ್ಟಿಗೆ ನಾನು ಮಾತು ಕೊಡುವುದಿಲ್ಲ. ಈ ವರ್ಷವೂ ಹೋಗುತ್ತದೆ. ಹೋಗಲಿ ಎನ್ನುವಷ್ಟು ಧೈರ್ಯ ನನಗಿಲ್ಲ, ಆದರೂ ಬರೆಯುತ್ತಿದ್ದೇನೆ.

ಜೂನ್ 20ಕ್ಕೆ ಅವರಿಗೆ ಬೇರೆ ಪತ್ರ ಹೋಗುತ್ತದೆ. ಇಂಗ್ಲಿಷಿನಲ್ಲಿ ಅವರಿಗೆ, ಕನ್ನಡದಲ್ಲಿ ಸಂಘದ ಪತ್ರಿಕೆಗೆ. ಕರಡು ಜೊತೆಗಿದೆ. ನಿಮ್ಮ ಸಹಿ ಬೇಡ. ನಿಮ್ಮ ಸಹಿ ಇದ್ದರೆ "ಅರ್ಜಿ ಸರ್ವೋತ್ತಮ" ಎಂದು ಮಡಚಿ ಇಡುತ್ತಾರೆ. ಕೋಪ ಮಾಡಿಕೊಳ್ಳಬೇಡಿ.

ಸುರಕ್ಷಾ

*

ಉಮ್ ಅಲ್ ಹಸ್ಸಮ್
18 ಜೂನ್ 2025

ಪ್ರೀತಿಯ ಸುರಕ್ಷಾ,

ಆ ಹೆಸರು ನಿನಗೂ ಗೊತ್ತಿದೆಯೆಂದು ಗೊತ್ತಿರಲಿಲ್ಲ. ಇಲ್ಲ, ನಾನೇ ಬರೆದಿದ್ದೆನಲ್ಲ. ಆಯಾಸದಲ್ಲಿ ಮರೆತುಹೋಗುತ್ತದೆ.

ಕರಡನ್ನು ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು, ಎದ್ದು ಕೆಳಗೆ ಎವ್ಲಿನ್ ಮನೆಗೆ ಹೋದಳು. ನಾನೂ ಓಸ್ವಾಲ್ಡನೂ ಮೆಟ್ಟಿಲಲ್ಲಿ ಕೂತೆವು, ಆಸ್ಪತ್ರೆಯ ಹೊರಗೆ ಕೂತ ಹಾಗೆ. ಒಳಗಿನಿಂದ ಮೊದಲು ಎತ್ತರದ ದನಿ ಕೇಳಿತು, ಆಮೇಲೆ ಚಹಾ ಲೋಟದ ಸದ್ದು. ಹೊರಗೆ ಬಂದ ಎವ್ಲಿನ್ ನನಗೆ ಹೇಳಿದಳು, "ಸರ್ವೋತ್ತಮಣ್ಣ, ಅನಿಶಾಳ ಹೆಸರು ಹಾಕ್ಬೇಡಿ. ಅವಳ ಪತ್ರ ಅಲ್ಲಿ ಹೋಗಿ ಆಗಿದೆ. ನಮ್ಗೆ ಅಷ್ಟು ಧೈರ್ಯ ಇಲ್ಲ." ಓಸ್ವಾಲ್ಡ್ ನೆಲ ನೋಡಿದ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಅಮ್ಮ ಮೇಲೆ ಬಂದ ಮೇಲೆ ಸಂಘದ ವಾಟ್ಸಾಪ್ ಗುಂಪಿಗೆ ಅನಿಶಾಳ ಹೆಸರೊಂದನ್ನು ಬಿಟ್ಟು ಎಲ್ಲವನ್ನೂ ಮಾತಾಡಿ ಹಾಕಿದಳು. ದೃಷ್ಟಿಯ ಮಾತು ಎತ್ತಿದವಳೇ ಅವಳು, ಈಗ ಊರಿಗೆಲ್ಲ ಹೇಳಿದವಳೂ ಅವಳೇ. ಕೂಡಲೇ ಸೆಗಯಾದಿಂದ ಸಂಘದ ಫಾಯಿಝ್ ಫೋನು ಮಾಡಿದ. ಅವನ ಮಗಳು ಸಫ್ನಾಳೂ ಪಟ್ಟಿಯಲ್ಲಿ ಮೊದಲನೆಯವಳಂತೆ.

ನಿನ್ನ ಕರಡಿನಲ್ಲಿ ನಾನು ಒಂದು ಪದವನ್ನೂ ತಿದ್ದಿಲ್ಲ. ಕಳಿಸು.

ಅಪ್ಪ

*

ಬಹಿರಂಗ ಪತ್ರ
20 ಜೂನ್ 2025

ಮೆರಿಡೇಲ್ ವೈದ್ಯಕೀಯ ಶಾಲೆಯ ಡೀನ್ ಅವರಿಗೆ,

ಮಾನ್ಯರೇ,

ಇಂದು ನಿಮಗೆ ನನ್ನ ಲೆಟರ್ ಆಫ್ ಇಂಟೆಂಟ್ ತಲುಪಬೇಕಿತ್ತು. ಅದರ ಬದಲು ಇದನ್ನು ಕಳಿಸುತ್ತಿದ್ದೇನೆ.

2024ರ ಜುಲೈ 14ರಂದು, ಕಾಯುವ ಪಟ್ಟಿಯಲ್ಲಿ ನನ್ನ ಹೆಸರೇ ಮೊದಲನೆಯದು ಎಂದು ನೀವು ಬರೆದಿರಿ. ನಾನು ಮಾತು ಕೊಟ್ಟೆ, ಕೈಯಲ್ಲಿದ್ದ ಸೀಟನ್ನು ಬಿಟ್ಟೆ. ನೀವು ಉತ್ತರಿಸಲಿಲ್ಲ. ಈ ವರ್ಷ ಅದೇ ಮಾತನ್ನು ಮತ್ತೆ ಬರೆದಿರಿ. ಅದೇ ಮಾತನ್ನು ಬಹ್ರೈನಿನ ಇನ್ನಿಬ್ಬರು ಹುಡುಗಿಯರಿಗೂ ಬರೆದಿದ್ದೀರಿ. ನಮ್ಮ ಮನೆಗಳಲ್ಲಿ ಇಂಥ ವಿಷಯವನ್ನು ಹೊರಗೆ ಹೇಳುವ ವಾಡಿಕೆ ಇಲ್ಲ. ಆ ಮೌನದ ಮೇಲೆ ನಿಮ್ಮ ಪಟ್ಟಿ ನಿಂತಿತ್ತು. ಈಗ ನಾವು ಒಬ್ಬರಿಗೊಬ್ಬರು ಹೇಳಿಕೊಂಡಿದ್ದೇವೆ.

ನನಗೆ ಈಗಲೂ ಡಾಕ್ಟರಾಗಬೇಕು. ನಿಮ್ಮಲ್ಲಿಯೇ ಆಗಬೇಕೆಂದಿಲ್ಲ. ಈ ಪತ್ರದಿಂದ ನನ್ನ ಹೆಸರು ನಿಮ್ಮ ಪಟ್ಟಿಯಿಂದ ಹೋಗುತ್ತದೆ ಎಂದು ತಿಳಿದೇ ಬರೆಯುತ್ತಿದ್ದೇನೆ. ಉಳಿದವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರಲ್ಲೊಬ್ಬಳು ಕೊಟ್ಟ ಮಾತು ಈಗಾಗಲೇ ನಿಮ್ಮ ಮೇಜಿನ ಮೇಲಿದೆ. ಹೌದಾಗಲಿ ಇಲ್ಲವಾಗಲಿ, ಅವಳಿಗೆ ಉತ್ತರ ಕೊಡಿ, ತರಗತಿ ಶುರುವಾಗುವ ಮೊದಲು ಕೊಡಿ.

ನನಗೆ ಖಾಸಗಿಯಾಗಿ ಉತ್ತರ ಬೇಡ. ಒಂದೇ ಒಂದು ಪ್ರಶ್ನೆ ಇದೆ. ಕಳೆದ ವರ್ಷ ಮತ್ತು ಈ ವರ್ಷ, ನಿಮ್ಮ ಹೆಸರೇ ಮೊದಲನೆಯದು ಎಂದು ನೀವು ಎಷ್ಟು ಮಂದಿಗೆ ಬರೆದಿರಿ? ಹೆಸರುಗಳು ಬೇಡ, ಸಂಖ್ಯೆ ಸಾಕು. ಬಿಳಿ ಕೋಟಿನ ಮಕ್ಕಳ ಫೋಟೋ ಹಾಕುವ ನಿಮ್ಮ ಜಾಲತಾಣದ ಅದೇ ಪುಟದಲ್ಲಿ, ಆ ಫೋಟೋದ ಕೆಳಗೆ, ಎಲ್ಲರೂ ಓದುವಂತೆ ಆ ಸಂಖ್ಯೆಯನ್ನು ಬರೆಯಿರಿ.

ಸುರಕ್ಷಾ ಸರ್ವೋತ್ತಮ